ನಾಲ್ಕನೇ ದೋಣಿಯ ನಂತರ

ಇಪ್ಪತ್ತು ಕ್ರೋನಾ ಕೊಟ್ಟೆ. ಕೇಳಿದ್ದು ಐವತ್ತು.

ಸ್ವೀಡನ್ನಿನ ಸೋಲ್ನಾದಲ್ಲಿ ನಮ್ಮ ಫ್ಲಾಟುಗಳ ನಡುವಿನ ಅಂಗಳದಲ್ಲಿ ಬೇಸಿಗೆಗೊಮ್ಮೆ ಲೊಪ್ಪಿಸ್ ನಡೆಯುತ್ತದೆ. ಮನೆಯಲ್ಲಿ ಬೇಡವಾದದ್ದನ್ನೆಲ್ಲ ಮಡಚುವ ಮೇಜಿನ ಮೇಲೆ ಹರಡಿಕೊಂಡು ಮಾರುವ ಸಂತೆ ಅದು. ನಾನು ದೊಡ್ಡ ಪಾತ್ರೆ ಏನಾದರೂ ಸಿಗುತ್ತದೆಯೇ ಎಂದು ಹೋದವನು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಮಕ್ಕಳ ಸ್ಕೇಟಿಂಗ್ ಶೂಗಳ ಕೆಳಗೆ, ಆ ಸಿಡಿ ಬಿದ್ದಿತ್ತು. ಮುಖಪುಟದಲ್ಲಿ ಬೂದು ಬಣ್ಣದ ಸಮುದ್ರ, ನಾಲ್ಕು ದೋಣಿ. ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು.

"ಬಿಚ್ಚೇ ಇಲ್ಲ, ಹೊಸದು. ಅದಕ್ಕೇ ಐವತ್ತು," ಎಂದಳು ಮಾರಲು ಕೂತಿದ್ದ ಹುಡುಗಿ.

"ಬಿಚ್ಚಿಲ್ಲ ಅಂದ್ರೆ ನಿಮ್ಮನೇಲೇ ಯಾರಿಗೂ ಬೇಡ್ವಾಗಿತ್ತು ಅಂತ ಅರ್ಥ. ಇಪ್ಪತ್ತು," ಎಂದೆ, ನನ್ನ ಅಂಗಡಿ ಸ್ವೀಡಿಷ್‌ನಲ್ಲಿ. ಆಮೇಲೆ ಬಾಯಿ ಮುಚ್ಚಿಕೊಂಡು ನಿಂತೆ. ಅವಳು ಶೂಗಳನ್ನು ಜೋಡಿಸಿದಳು, ಆಕಾಶ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನಾನು ನಿಂತೇ ಇದ್ದೆ. ಕೊನೆಗೆ ಅವಳೇ ಕೈ ಚಾಚಿದಳು.

ಬೆಲೆ ಹೇಳಿದ ಮೇಲೆ ಹೀಗೆ ಸುಮ್ಮನಿರುವುದನ್ನು ನನಗೆ ಕಲಿಸಿದವರು ಒಬ್ಬರು ಆಂಟಿ. ಈ ಸಿಡಿ ಹುಟ್ಟಿದ್ದೇ ಅವರಿಂದ. ಆದರೆ ಅದರಲ್ಲಿ ಅವರ ದನಿ ಎಲ್ಲೂ ಇಲ್ಲ.

ನಾನು ಈ ದೇಶಕ್ಕೆ ಬಂದದ್ದು ತಂದೂರಿ ಒಲೆಯ ಮುಂದೆ ನಿಲ್ಲಲು. ಅದಕ್ಕೂ ಮೊದಲು ದಾವಣಗೆರೆಯ ಮಂಡಿಯಲ್ಲಿ ಮೆಕ್ಕೆಜೋಳದ ಹರಾಜು ಕೂಗುತ್ತಿದ್ದೆ. ಕೆಲವು ವರ್ಷ ಬೇರೆಯವರ ಹೋಟೆಲಿನಲ್ಲಿ ಬೆವರು ಸುರಿಸಿದ ಮೇಲೆ ನನ್ನದೇ ಅಡುಗೆ ಗುತ್ತಿಗೆ ಶುರು ಮಾಡಿದೆ. ಅಕ್ಕಿ ಬೇಳೆಯ ಸಣ್ಣ ಅಂಗಡಿಯೂ ಆಯಿತು. ಇಲ್ಲಿಯ ಕನ್ನಡದವರ ಯುಗಾದಿ ಊಟಕ್ಕೆ ಒಂದು ಹಾಲ್ ಬೇಕಿತ್ತು. ಚರ್ಚಿನ ಪಕ್ಕದ ಹಾಲ್ ಚೆನ್ನಾಗಿದೆ, ಅಡುಗೆಮನೆಯೂ ದೊಡ್ಡದಿದೆ ಎಂದು ಯಾರೋ ಹೇಳಿದರು. ಹೋದೆ. ಆಫೀಸಿನಲ್ಲಿ ಬಿಳಿ ಕೂದಲಿನ, ದಪ್ಪ ಕನ್ನಡಕದ, ಉಣ್ಣೆ ಸ್ವೆಟರಿನ ಹೆಂಗಸೊಬ್ಬರು ಕೂತಿದ್ದರು. ಶ್ರೀಲಂಕಾದವರೋ ಏನೋ ಎಂದುಕೊಂಡು ನನ್ನ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಹಬ್ಬ, ಚಿಕ್ಕ ಮಕ್ಕಳು, ಬಡ ಸಂಘ, ಬಾಡಿಗೆ ಕಡಿಮೆ ಮಾಡಿ, ಮೇಡಂ...

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಚ್ಚ ಕನ್ನಡದಲ್ಲಿ, "ಚೌಕಾಸಿ ಮಾಡಕ್ಕೆ ಇದೇನು ಮಂಡೀನಾ? ಯಾವೂರಪ್ಪ ನಿಂದು?" ಎಂದರು.

"ದಾವಣಗೆರೆ, ಮೇಡಂ."

"ಅದಕ್ಕೇ. ಕಿಟಕಿ ಗಾಜು ಅದುರ್ತು." ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. "ನೋಡು ದಾವಣಗೆರೆ, ಬುಧವಾರ ಸಂಜೆ ಬಂದು ನಮ್ಮ ಕಾಯಿರ್‌ನಲ್ಲಿ, ಚರ್ಚಿನ ಹಾಡೋ ಗುಂಪಲ್ಲಿ, ನಿಂತ್ಕೊ. ಕೆಳದನಿಗೆ ಗಂಡಸ್ರು ಸಿಗ್ತಿಲ್ಲ ನಂಗೆ. ಅರ್ಧ ಬಾಡಿಗೆ ಬಿಡಿಸ್ಕೊಡ್ತೀನಿ."

ಇಷ್ಟು ಹೇಳಿ ಸುಮ್ಮನಾದರು. ನನಗೆ ಹಾಡು ಬರುವುದಿಲ್ಲ ಎಂದೆ. ಸುಮ್ಮನೆ. ನಮ್ಮ ದೇವರೇ ಬೇರೆ ಆಂಟಿ ಎಂದೆ. ಸುಮ್ಮನೆ. ಬುಧವಾರ ಅಂಗಡಿಗೆ ಸರಕು ಬರುತ್ತದೆ ಎಂದೆ. ರೆಪ್ಪೆ ಕೂಡ ಅಲುಗಲಿಲ್ಲ. ಆ ಮೌನವನ್ನು ತುಂಬಿಸಲು ಹೋಗಿ ನಾನೇ ನನ್ನ ಬೆಲೆ ಇಳಿಸುತ್ತಾ ಬಂದೆ. ಹೊರಗೆ ಬರುವಾಗ ಹಾಡಲು ಒಪ್ಪಿಕೊಂಡಿದ್ದೆ, ಜೊತೆಗೆ ಇಡೀ ಗುಂಪಿನ ಫಿಕಾಕ್ಕೆ ಕಾಫಿ ತಿಂಡಿ ಒದಗಿಸಲೂ ಒಪ್ಪಿಕೊಂಡಿದ್ದೆ. ಮಂಡಿಯಲ್ಲಿ ಬೆಳೆದವನು ನಾನು. ಹಾಗೆ ಯಾರೂ ನನ್ನನ್ನು ಬೋಳಿಸಿರಲಿಲ್ಲ.

ಆಂಟಿ ಹಾಸನದ ಕಡೆಯವರು. ಮಿಷನ್ ಹಾಸ್ಟೆಲಿನಲ್ಲಿ ಬೆಳೆದವರು. ನರ್ಸ್ ಕೆಲಸಕ್ಕೆಂದು ಸ್ವೀಡನ್ನಿಗೆ ಬಂದು, ಇಲ್ಲೇ ಚರ್ಚಿನ ಸಂಗೀತಗಾರರೊಬ್ಬರನ್ನು ಮದುವೆಯಾಗಿದ್ದರು. ಇಲ್ಲಿ ಅಂಥವರನ್ನು ಕ್ಯಾಂಟರ್ ಎನ್ನುತ್ತಾರೆ. ಆರ್ಗನ್ ನುಡಿಸುವುದು, ಕಾಯಿರ್ ನಡೆಸುವುದು ಎರಡೂ ಅವರದೇ. ಎತ್ತರದ, ಮೆಲುಮಾತಿನ ಮನುಷ್ಯ. ಕೆಟ್ಟವರಲ್ಲ. ನನಗೆ ಒಂದು ದಿನವೂ ಅವರು ಕೆಟ್ಟವರೆನಿಸಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಅವರು ಕೈ ಬೀಸಿ ಹಾಡಿಸುತ್ತಿದ್ದರು. ಆದರೆ ಹಾಡು ಮುಗಿದ ತಕ್ಷಣ ಅವರ ಕಣ್ಣು ಎಡಗಡೆಯ ಹೆಂಗಸರ ಸಾಲಿಗೆ, ಆಂಟಿ ನಿಂತಲ್ಲಿಗೆ ಹೋಗುತ್ತಿತ್ತು. ಸರಿಯಾಗಿದ್ದರೆ ಆಂಟಿ ಕನ್ನಡಕ ತೆಗೆಯುತ್ತಿದ್ದರು. ತೆಗೆಯದಿದ್ದರೆ ಮತ್ತೆ ಮೊದಲಿಂದ. ಇದು ಗುಂಪಿಗೆಲ್ಲ ಗೊತ್ತಿತ್ತು. ಹೊಸಬರಿಗೆ ಹಾಡು ಕಲಿಸುವ ಮೊದಲೇ ಇದನ್ನು ಪಿಸುಗುಟ್ಟುತ್ತಿದ್ದರು.

ಆಂಟಿಯ ಬಾಯಿ ಮಾತ್ರ ಸುಡುವ ಸುಣ್ಣದ ನೀರು. "ನೀವು ಹಾಡ್ತಿದೀರೋ, ಬಸ್ಸಿಗೆ ಕಾಯ್ತಿದೀರೋ?" ಎಂದು ಸ್ವೀಡಿಷ್‌ನಲ್ಲಿ ಕೇಳುವರು. ನನ್ನ ಪಕ್ಕ ಒಬ್ಬ ಮುದುಕರು ನಿಲ್ಲುತ್ತಿದ್ದರು, ನಿವೃತ್ತ ಪೋಸ್ಟ್‌ಮ್ಯಾನ್. ಒಂದು ಬುಧವಾರ ಎಲ್ಲರೆದುರು ಆಂಟಿ ಅವರಿಗೆ, "ನಿಮ್ಮ ದನಿ ಮುಗಿದುಹೋಗಿದೆ. ಇನ್ನು ಬರಬೇಡಿ. ಬಂದ್ರೆ ಕೂತು ಕೇಳಿ," ಎಂದರು. ಆ ಮನುಷ್ಯ ಕೋಟು ನೇತುಹಾಕುವ ಗೂಟದ ಹತ್ತಿರ ನಿಂತು ಅತ್ತರು. ನಾನೇ ಟಿಶ್ಯೂ ಕೊಟ್ಟೆ. ಆಮೇಲೆ ಟ್ರಾಮಿನಲ್ಲಿ, "ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತಲ್ಲ ಆಂಟಿ," ಎಂದೆ.

"ಮೆತ್ತಗೆ ಹೇಳಿದ್ರೆ ಇನ್ನೊಂದು ವರ್ಷ ಬಂದು ನಿಲ್ತಿದ್ದ. ಪಕ್ಕದೋರೆಲ್ಲ ನಗ್ತಿದ್ರು. ಅದು ವಾಸಿನಾ? ಮುಖಕ್ಕೆ ಹೇಳ್ಬೇಕು ದಾವಣಗೆರೆ. ಒಂದೇ ಸಲ ಅಳ್ತಾರೆ."

ಗುಂಪು ಇದನ್ನು ಮರೆಯಲಿಲ್ಲ. ಇಲ್ಲಿಯವರು ಜಗಳವಾಡುವುದಿಲ್ಲ. ಮರೆಯುವುದೂ ಇಲ್ಲ.

ಇನ್ನು ಸಿಡಿಯಲ್ಲಿರುವ ಆ ಹಾಡು. ಹಾಡು ಎನ್ನಬಾರದು, ಮುಕ್ಕಾಲು ಗಂಟೆ ನಡೆಯುತ್ತದೆ. ಇಂಗ್ಲೆಂಡಿನ ಒಂದು ಮೀನುಗಾರರ ಊರಿನಲ್ಲಿ ಆರ್ಗನ್ ನುಡಿಸುತ್ತಿದ್ದ ಒಬ್ಬಾತ ತನ್ನೂರಿನ ಹೆಂಗಸರಿಗಾಗಿ ಬರೆದದ್ದು. ಬಿರುಗಾಳಿಯ ದಿನ ಐದು ದೋಣಿ ಹೋಗಿವೆ, ದಡದಲ್ಲಿ ಹೆಂಗಸರು ಕಾಯುತ್ತಿದ್ದಾರೆ. ಇಷ್ಟೇ ಕಥೆ. ಅಲ್ಲಿ ಕೆಲವು ವರ್ಷ ಹಾಡಿದರಂತೆ, ಆಮೇಲೆ ಆ ಊರೇ ಮರೆಯಿತು. ಆದರೆ ಆ ಊರಿನ ಒಬ್ಬ ಹುಡುಗಿ ಆತನ ಕೈಕೆಳಗೇ ಅದನ್ನು ಕಲಿತು, ಬೆಳೆದು, ಟೀಚರಾಗಿ ಹಾಸನದ ಕಡೆಯ ಆ ಮಿಷನ್ ಹಾಸ್ಟೆಲಿಗೆ ಬಂದಿದ್ದಳು. ರಾಗಿಮುದ್ದೆ ಉಂಡು ಬೆಳೆದ ಹುಡುಗಿಯರ ಕೈಯಲ್ಲಿ ಎಂದೂ ನೋಡದ ಸಮುದ್ರದ ಹಾಡು ಹಾಡಿಸಿದಳು. ಆ ಹುಡುಗಿಯರಲ್ಲಿ ಒಬ್ಬರು ನಮ್ಮ ಆಂಟಿ.

ಅವರ ತಲೆಯಲ್ಲಿ ಅದು ಕೂತುಬಿಟ್ಟಿತ್ತು. ಇಂಗ್ಲೆಂಡಿಗೆ ಕಾಗದ ಬರೆದೂ ಬರೆದೂ, ಕೊನೆಗೆ ಮುಚ್ಚಿಹೋಗುತ್ತಿದ್ದ ಒಂದು ಸಣ್ಣ ಚರ್ಚಿನ ಅಟ್ಟದಲ್ಲಿ ಅಚ್ಚಾದ ಪ್ರತಿಗಳ ಒಂದು ಕಟ್ಟು ಸಿಕ್ಕಿತು. ಸಾಗಣೆ ಖರ್ಚು ಮಾತ್ರ ಕೊಟ್ಟು ತರಿಸಿಕೊಂಡರು. ಮುಗ್ಗಲು ವಾಸನೆಯ ಆ ಕಟ್ಟನ್ನು ಅಂಚೆ ಕಚೇರಿಯಿಂದ ನನ್ನ ವ್ಯಾನಿನಲ್ಲೇ ಹೇರಿಕೊಂಡು ಬಂದೆವು. ಮೂರು ಚಳಿಗಾಲ ಅದನ್ನೇ ಕಲಿತೆವು. ಆಮೇಲೆ ರೆಕಾರ್ಡಿಂಗಿಗೆ ಒಂದು ಅನುದಾನವೂ ಸಿಕ್ಕಿತು. ಜಗತ್ತಿನಲ್ಲಿ ಅದರ ಮೊದಲನೇ ರೆಕಾರ್ಡಿಂಗ್ ನಮ್ಮದೇ ಆಗುವುದಿತ್ತು.

ಮಧ್ಯದಲ್ಲಿ ಒಬ್ಬಳೇ ಹಾಡುವ ಭಾಗವೊಂದಿದೆ. ಒಬ್ಬ ತಾಯಿ ಮರಳಿ ಬರುವ ದೋಣಿಗಳನ್ನು ಎಣಿಸುತ್ತಾಳೆ. ಒಂದು ಬಂತು, ಎರಡು ಬಂತು, ಮೂರು, ನಾಲ್ಕು... ಆಮೇಲೆ ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾಳೆ. ಅಚ್ಚಾದ ಪುಸ್ತಕದಲ್ಲಿ ನಾಲ್ಕಾದ ಕೂಡಲೇ ಒಂದು. ಆದರೆ ಆಂಟಿ ನಾಲ್ಕಕ್ಕೆ ನಿಲ್ಲಿಸುತ್ತಿದ್ದರು. ನಿಲ್ಲಿಸಿ, ಹಾಗೇ ನಿಲ್ಲುತ್ತಿದ್ದರು. ಎಷ್ಟು ಹೊತ್ತು ಎಂದು ಕೇಳಬೇಡಿ. ಮರೆತರೇನೋ ಎಂದು ನಮಗೆ ಭಯವಾಗುವಷ್ಟು. ಕ್ಯಾಂಟರ್ ಕೈ ಎತ್ತಿ ಹಿಡಿದು ಅವರ ಉಸಿರಿಗೇ ಕಾಯುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ, ತಪ್ಪು ತನ್ನದೇ ಎನ್ನುವ ಹಾಗೆ, ಮತ್ತೆ ಒಂದು.

"ಪುಸ್ತಕದಲ್ಲಿಲ್ಲ, ನೀವ್ಯಾಕೆ ನಿಲ್ತೀರಿ?" ಎಂದು ಕೇಳಿದ್ದೆ.

"ನಮ್ಮ ಟೀಚರಮ್ಮ ಹಂಗೇ ಕಲಿಸಿದ್ದು. ಬರೆದೋನು ಅವಳಿಗೆ ಹಂಗೇ ಕಲಿಸಿದ್ನಂತೆ. ಎಣಿಸೋದ್ರಲ್ಲಿ ನಂದೇ ತಪ್ಪಾಯ್ತಾ ಅಂತ ಅನ್ಕೊಳ್ಳೋಕೆ ತಾಯಿಗೆ ಅಷ್ಟು ಹೊತ್ತು ಬೇಕಂತೆ."

"ಪುಸ್ತಕದಲ್ಲಿ ಬರೆದಿಡಿ ಮತ್ತೆ. ನಾಳೆ ಬೇರೆಯೋರು ಹಾಡೋದಾದ್ರೆ?"

"ನಾನಿದೀನಲ್ಲ."

ವ್ಯಾಪಾರದಲ್ಲಿ ಇಂಥ ಮಾತು ಯಾರಾದರೂ ಆಡಿದರೆ ಅವರಿಂದ ದೂರವಿರಿ. ಆದರೆ ಅವತ್ತು ನಾನು ಹಟ ಹಿಡಿಯಲಿಲ್ಲ.

ಮೂರನೇ ಚಳಿಗಾಲದ ಹೊತ್ತಿಗೆ ಅವರ ದನಿ ಒಡೆಯತೊಡಗಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ಹಳೇ ಬಾಗಿಲಿನಂತೆ ಕಿರ್ರೆನ್ನುವುದು. ನನಗೇ ಕೇಳಿಸುತ್ತಿತ್ತು ಎಂದ ಮೇಲೆ ಉಳಿದವರಿಗೆ ಕೇಳಿಸದೆ ಇರುತ್ತದೆಯೇ. ಕಾಯಿರಿನ ಸಮಿತಿ ಸಭೆ ಕರೆಯಿತು. ಆಂಟಿ ಊರಾಚೆಯ ಆಸ್ಪತ್ರೆಗೆ ಕಣ್ಣು ತೋರಿಸಲು ಹೋದ ದಿನವನ್ನೇ ನೋಡಿ ಕರೆದರು. ಫಿಕಾದ ಜವಾಬ್ದಾರಿ ನನ್ನದಾದ್ದರಿಂದ ನನಗೂ ಅಲ್ಲಿ ಒಂದು ಕುರ್ಚಿ ಇತ್ತು.

ಅಧ್ಯಕ್ಷೆ ನಿವೃತ್ತ ದಂತವೈದ್ಯೆ. ನೋವಾಗದ ಹಾಗೆ ಹಲ್ಲು ಕೀಳುವುದು ಅವರ ಜೀವಮಾನದ ಕಸುಬು. ದಾಲ್ಚಿನ್ನಿ ಬನ್ನು ಎಲ್ಲರಿಗೂ ಹಂಚಿ, ನಗುನಗುತ್ತಲೇ ವಿಷಯ ತೆಗೆದರು. ದೂರದ ಲುಂಡ್ ಊರಿನಲ್ಲಿ ಹಾಡುಗಾರಿಕೆ ಕಲಿಯುತ್ತಿರುವ ಒಬ್ಬ ಹುಡುಗಿ ಒಪ್ಪಿಕೊಂಡಿದ್ದಾಳೆ. ರೆಕಾರ್ಡಿಂಗ್ ದಿನ ಆಂಟಿ ಎಂದಿನಂತೆ ಹಾಡಲಿ. ಕೆಂಪು ದೀಪ ಉರಿಯುತ್ತದೆ, ರೆಕಾರ್ಡ್ ಮಾತ್ರ ಆಗುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟೋಣ. ಚಳಿ ಇದೆ ಎಂದು ಹೇಳಿ ಅವರನ್ನು ಕಾರಿನಲ್ಲಿ ಮನೆಗೆ ಬಿಡೋಣ. ಆಮೇಲೆ ಹುಡುಗಿ ಹಾಡುತ್ತಾಳೆ. ಹೀಗಾದರೆ ಯಾರಿಗೂ ಬೇಜಾರಿಲ್ಲ.

ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ತಲೆ ಆಡಿಸಿದರು. ಇಲ್ಲಿ ಒಂದು ತೀರ್ಮಾನವಾಗಬೇಕಾದರೆ ಎಲ್ಲರ ತಲೆಯೂ ಒಂದೇ ಸಮ ಆಡಬೇಕು. ಒಮ್ಮೆ ಆಡಿತೆಂದರೆ ಆಮೇಲೆ ಅದು ಯಾರೊಬ್ಬರ ತಪ್ಪೂ ಅಲ್ಲ.

"ಸಿಡಿ ಬಂದ ಮೇಲೆ?" ಎಂದು ಕೇಳಿದೆ. "ಅವ್ರು ಕೇಳಲ್ವಾ? ಕಿವಿ ಇದೆ ಅವ್ರಿಗೆ. ಮುಖಕ್ಕೆ ಹೇಳಿ ಮುಗಿಸಿ. ಬೈತಾರೆ, ಅಳ್ತಾರೆ, ಮುಗೀತು. ಸುಳ್ಳಿಗೆ ಖರ್ಚು ಜಾಸ್ತಿ."

"ಅದನ್ನು ಮುಂದಿನ ಸಭೆಯಲ್ಲಿ ತಗೊಳ್ಳೋಣ," ಎಂದರು ಅಧ್ಯಕ್ಷೆ.

ನಾನು ಕ್ಯಾಂಟರ್ ಕಡೆ ನೋಡಿದೆ. ಅವರು ಎರಡನೇ ಬನ್ನು ತಿನ್ನುತ್ತಿದ್ದರು. ಮೇಲಿನ ಸಕ್ಕರೆ ಹರಳುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ತೆಗೆದು... "ಅವಳು ಸಂತೋಷವಾಗಿರಲಿ ಅಂತಷ್ಟೇ," ಎಂದರು. ಆ ಕೆಂಪು ದೀಪದ ಉಪಾಯ ಅವರದೇ ಎಂದು ಆಗ ಗೊತ್ತಾಯಿತು.

ಮಾರನೇ ದಿನ ಟ್ರಾಮಿನಲ್ಲಿ ಆಂಟಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಒಳ್ಳೆಯವನಾಗಬೇಕೆಂದಲ್ಲ. ಹಾಳಾದ ಸರಕನ್ನು ಮುಚ್ಚಿಟ್ಟರೆ ಮಳಿಗೆಯೆಲ್ಲ ನಾರುತ್ತದೆ, ಅದು ನನಗೆ ಗೊತ್ತಿರುವ ವಿದ್ಯೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡರು. ಯಾರ ಉಪಾಯ ಎಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲವೇನೋ.

"ಆ ಹುಡ್ಗಿ ಲುಂಡ್‌ಗೆ ವಾಪಸ್ ಯಾವ ರೈಲಿಗೆ ಹೋಗ್ತಾಳೆ?" ಎಂದರು.

"ಐದೂವರೆದು ಅಂದ್ರು. ಮರುದಿನ ಬೆಳಿಗ್ಗೆನೇ ಜರ್ಮನಿಗೆ ಹೋಗ್ತಾಳಂತೆ, ಓದಕ್ಕೆ."

"ಹೂಂ," ಎಂದು ಇಳಿದು ಹೋದರು. ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ರೆಕಾರ್ಡಿಂಗಿನ ದಿನ ಚರ್ಚಿನೊಳಗೂ ನವೆಂಬರಿನ ಚಳಿ. ಹೀಟರ್ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನೂ ಆರಿಸಿದ್ದರು. ಬಾಯಿಂದ ಹೊಗೆ ಬರುತ್ತಿತ್ತು. ಕೂಡಿ ಹಾಡುವ ಭಾಗಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಮುಗಿದವು, ಚೆನ್ನಾಗೇ ಬಂದವು. ಲುಂಡ್ ಹುಡುಗಿಯನ್ನು ಹಿಂದಿನ ಬಾಗಿಲಿನಿಂದ ಕರೆತಂದು ಪಕ್ಕದ ಹಾಲ್‌ನ ಅಡುಗೆಮನೆಯಲ್ಲಿ ಬಚ್ಚಿಟ್ಟಿದ್ದರು. ನಾನು ಕೊಟ್ಟ ಚಿತ್ರಾನ್ನ ತಿನ್ನುತ್ತಾ ಕೂತಿದ್ದಳು, ಪಾಪ. ಒಬ್ಬರ ಜಾಗಕ್ಕೆ ತನ್ನನ್ನು ತಂದಿದ್ದಾರೆಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಆಂಟಿ ಎದ್ದು ಮೈಕಿನ ಮುಂದೆ ಬಂದರು. ಅವತ್ತು ಸೀರೆ ಉಟ್ಟಿದ್ದರು, ಮೇಲೆ ಅದೇ ಸ್ವೆಟರು. ಕೆಂಪು ದೀಪ ಹತ್ತಿತು. ಹಾಡಿದರು.

ಅವತ್ತು ಅವರ ದನಿ ಹಿಂದಿನಂತೆ ಅರಳಿತು ಎಂದು ಬರೆಯಲು ಆಸೆಯಾಗುತ್ತದೆ. ಇಲ್ಲ. ಒಡೆಯಿತು. ಮೂರನೇ ದೋಣಿಗೆ ಒಡೆಯಿತು, ಕೊನೆಯಲ್ಲಿ ಮತ್ತೆ ಒಡೆಯಿತು. ನಾಲ್ಕರ ನಂತರದ ಆ ಮೌನ ಮಾತ್ರ ಹಾಗೇ ಇತ್ತು. ಮುಗಿದ ಕೂಡಲೇ ಅಧ್ಯಕ್ಷೆ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ತಟ್ಟಿದರು. ರೆಕಾರ್ಡಿಂಗ್ ಮಾಡುವವನು ಹೆಡ್‌ಫೋನ್ ತೆಗೆದು, "ಅದ್ಭುತ," ಎಂದ.

ಆಂಟಿ ಕನ್ನಡಕ ತೆಗೆಯಲಿಲ್ಲ. "ಸರಿ ಬರಲಿಲ್ಲ. ಇನ್ನೊಂದು ಸಲ," ಎಂದರು.

ಇನ್ನೊಂದು ಸಲ ಆಯಿತು. ಚಪ್ಪಾಳೆ. "ಇದು ಇನ್ನೂ ಚೆನ್ನಾಗಿತ್ತು," ಎಂದ ಅವನು. "ಇಲ್ಲ. ಮೂರನೇ ದೋಣಿ ಸೀಳಿತು. ಕೇಳಿಸಲಿಲ್ವಾ ನಿಮಗೆ?" ಎಂದು ಅವನನ್ನೇ ಕೇಳಿದರು. ಅವನು ಕ್ಯಾಂಟರ್ ಕಡೆ ನೋಡಿದ. ಮತ್ತೊಂದು ಸಲ. ಅಧ್ಯಕ್ಷೆ ಶಾಲು ತಂದು, ಚಳಿ ಜಾಸ್ತಿ, ಮನೆಗೆ ಬಿಡುತ್ತೇನೆ ಎಂದರು. "ಹಾಡುವವರಿಗೆ ಚಳಿಯಾಗಲ್ಲ. ನೀವು ಹೊದ್ಕೊಳ್ಳಿ," ಎಂದರು ಆಂಟಿ. ಮತ್ತೊಂದು ಸಲ. ಹೊರಗೆ ಕತ್ತಲಾಯಿತು. ಹೆಂಗಸರು ಕಾಲು ಬದಲಿಸಿ ಬದಲಿಸಿ ನಿಂತರು. ಪ್ರತಿ ಸಲವೂ ದನಿ ಇನ್ನಷ್ಟು ಹರಿಯುತ್ತಾ ಹೋಯಿತು, ಪ್ರತಿ ಸಲವೂ ನಾವು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಬೇಕಾಯಿತು. ಸಾಕು ಎನ್ನಲು ಒಬ್ಬರಿಗೂ ಬಾಯಿಲ್ಲ. ಸಾಕು ಎಂದರೆ ಯಾಕೆ ಸಾಕು ಎಂದು ಹೇಳಬೇಕಲ್ಲ.

ನಾನು ಗೋಡೆಯ ಗಡಿಯಾರ ನೋಡಿದೆ. ನಾಲ್ಕೂವರೆ ದಾಟಿತ್ತು, ಹುಡುಗಿಯ ರೈಲು ಐದೂವರೆಗೆ. ಟ್ರಾಮಿನಲ್ಲಿ ಕೇಳಿದ ಪ್ರಶ್ನೆ ಆಗ ಅರ್ಥವಾಯಿತು.

ಕೊನೆಗೆ ಆಂಟಿ ನಡೆದುಕೊಂಡು ರೆಕಾರ್ಡಿಂಗ್ ಮೇಜಿನ ಹತ್ತಿರ ಹೋಗಿ ಕೈ ಚಾಚಿದರು. "ಹೆಡ್‌ಫೋನ್ ಕೊಡಿ. ಕೊನೇದನ್ನ ಒಂದ್ಸಲ ಕೇಳ್ತೀನಿ."

ಅವನು ಕೊಡಲಿಲ್ಲ. ಕ್ಯಾಂಟರ್ ಕಡೆ ನೋಡಿದ. ನಾವೆಲ್ಲರೂ ನೋಡಿದೆವು. ಆಂಟಿ ಗಂಡನತ್ತ ತಿರುಗಿದರು. ಏನೂ ಕೇಳಲಿಲ್ಲ. ನಾಲ್ಕನೇ ದೋಣಿಯ ನಂತರ ನಿಲ್ಲುವ ಹಾಗೆ, ನನ್ನ ಬಾಡಿಗೆ ಇಳಿಸಿದ ದಿನ ಕೂತಿದ್ದ ಹಾಗೆ, ಸುಮ್ಮನೆ ನಿಂತರು. ಕ್ಯಾಂಟರ್ ಟೈ ಸರಿ ಮಾಡಿಕೊಂಡರು, ಪುಸ್ತಕ ಮುಚ್ಚಿದರು, ಮತ್ತೆ ತೆರೆದರು...

"ರೆಕಾರ್ಡ್ ಆಗ್ತಾ ಇಲ್ಲ," ಎಂದರು.

"ಯಾವಾಗಿನಿಂದ?"

"ಮೊದಲಿಂದಲೇ."

"ಗೊತ್ತು. ಈಗ ಎಲ್ಲರೆದುರು ಹೇಳಿದೆಯಲ್ಲ, ಸಾಕು," ಎಂದು ಆಂಟಿ ಮುಂದಿನ ಬೆಂಚಿನಲ್ಲಿ ಹೋಗಿ ಕೂತರು. ಥರ್ಮಾಸ್ ಬಿಚ್ಚಿ ಚಹಾ ಬಗ್ಗಿಸಿಕೊಂಡರು. "ಕರೀರಿ ಆ ಮಗೂನ. ರೈಲು ತಪ್ಪತ್ತೆ."

ಹುಡುಗಿ ಓಡಿ ಬಂದಳು. ಟ್ಯಾಕ್ಸಿ ಹೊರಗೆ ನಿಂತಿತ್ತು. ಒಂದೇ ಸಲಕ್ಕೆ ಸಮಯ. ಕೆಂಪು ದೀಪ ಹತ್ತಿತು, ಈ ಸಲ ನಿಜವಾಗಿ. ಎಂಥ ಕಂಠ ಅದು... ಹಾಲು ಸುರಿದ ಹಾಗೆ. ಒಂದು, ಎರಡು, ಮೂರು, ನಾಲ್ಕು. ಪುಸ್ತಕದಲ್ಲಿ ಇದ್ದ ಹಾಗೆ ಕೂಡಲೇ ಒಂದು. ಕ್ಯಾಂಟರ್ ಕೈ ಅರ್ಧಕ್ಕೆ ಎದ್ದಿತ್ತು, ಹಾಡು ಅದನ್ನು ದಾಟಿಕೊಂಡು ಹೋಯಿತು. ಆ ಮೌನವನ್ನು ಅವರು ಎಂದೂ ಎಣಿಸಿರಲಿಲ್ಲ. ಹೆಂಡತಿಯ ಉಸಿರು ನೋಡಿಕೊಂಡೇ ನಡೆಸಿದವರು. ಹುಡುಗಿಗೆ ಏನೆಂದು ಹೇಳಿಕೊಟ್ಟಾರು.

ನಮಗೆಲ್ಲ ಗೊತ್ತಾಯಿತು. ಮೂರು ಚಳಿಗಾಲ ಆ ಜಾಗದಲ್ಲಿ ಉಸಿರು ಹಿಡಿದವರು ನಾವು. ಹಾಡು ಮುಗಿಯಿತು. ಅಭ್ಯಾಸಬಲ, ಕ್ಯಾಂಟರ್ ಎಡಗಡೆಯ ಸಾಲಿಗೆ ನೋಡಿದರು. ಅಲ್ಲಿ ಜಾಗ ಖಾಲಿ ಇತ್ತು. ಮೆಲ್ಲಗೆ ಬೆಂಚಿನ ಕಡೆ ತಿರುಗಿದರು.

ಆಂಟಿ ಚಹಾ ಲೋಟ ಕೆಳಗಿಟ್ಟರು. ಕನ್ನಡಕ ತೆಗೆದರು. ಸೀರೆ ಸೆರಗಿನಲ್ಲಿ ಗಾಜು ಒರೆಸಿದರು.

ಅಷ್ಟೇ. ಸರಿಯಾಗಿದೆ ಎಂದಾಯಿತು. ಹುಡುಗಿ ರೈಲಿಗೆ ಓಡಿದಳು. ದಿನವಿಡೀ ಸುಳ್ಳು ಚಪ್ಪಾಳೆ ತಟ್ಟಿದವರು, ಇದು ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು? ನಾನೂ ಹೇಳಲಿಲ್ಲ. ಮಾಲೀಕರೇ ಮಾರುವುದಿಲ್ಲ ಎಂದ ಮೇಲೆ ಹೊರಗಿನವನದೇನು. ದನಿಯನ್ನು ಅವರು ಕಿತ್ತುಕೊಂಡಿದ್ದರು, ಮೌನವನ್ನು ಆಂಟಿ ಕೊಡಲಿಲ್ಲ.

ಸಿಡಿ ಬಂತು. ರೇಡಿಯೋದಲ್ಲಿ ಹೊಗಳಿದರು. ಮರೆತುಹೋದದ್ದಕ್ಕೆ ಜೀವ ಬಂತು ಎಂದರಂತೆ. ಆಂಟಿ ಆಮೇಲೆ ಕಾಯಿರ್ ಕಡೆ ತಲೆ ಹಾಕಲಿಲ್ಲ. ಗಂಡನ ಜೊತೆಗೇ ಇದ್ದರು, ಅಡುಗೆ ಮಾಡಿ ಹಾಕುತ್ತಿದ್ದರು. ಬುಧವಾರ ಸಂಜೆ ಮಾತ್ರ ನನ್ನ ಅಂಗಡಿಗೆ ಬಂದು ಅಕ್ಕಿ ಮೂಟೆಗಳ ಪಕ್ಕ ಕೂರುತ್ತಿದ್ದರು. ಸಾಮಾನು ತಗೊಳ್ಳಲು ಬಂದ ಬೆಂಗಳೂರಿನ ಹುಡುಗರಿಗೆ, "ಕಡಿಮೆ ಮಾಡ್ಸಿ, ಇವ್ನು ಬಿಡ್ತಾನೆ," ಎಂದು ನನ್ನೆದುರೇ ಹೇಳಿಕೊಡುತ್ತಿದ್ದರು. ಅಲ್ಲಿ ಕ್ಯಾಂಟರ್ ಪ್ರತಿ ಹಾಡಿನ ಕೊನೆಗೆ ಖಾಲಿ ಜಾಗದತ್ತ ನೋಡುತ್ತಾರೆ, ಏನು ಮಾಡಬೇಕೆಂದು ತಿಳಿಯದೆ ಮುಂದಿನ ಪುಟ ತಿರುವುತ್ತಾರೆ ಎಂದು ಯಾರೋ ಹೇಳಿದರು. ಆಂಟಿಗೆ ಅದನ್ನು ತಿಳಿಸಿದೆ.

"ನೋಡ್ಲಿ," ಎಂದರು.

"ಒಂದ್ಸಲ ಹೋಗಿ ಆ ನಿಲ್ಲೋ ಜಾಗ ಅವ್ರಿಗೆ ಬರ್ಸಿ ಬನ್ನಿ ಆಂಟಿ. ನಿಮ್ಮ ಟೀಚರಮ್ಮನ ಮುಖ ನೋಡಿಯಾದ್ರೂ."

ಉತ್ತರ ಬರಲಿಲ್ಲ. ಕಾಯ್ದೆ. ಅವರೂ ಕಾಯ್ದರು. ಎಂದಿನಂತೆ ನಾನೇ ಸೋತು ಬೇರೆ ಮಾತು ತೆಗೆದೆ. ಆ ಹಾಡಿಗಾಗಿ ವರ್ಷಗಟ್ಟಲೆ ಅಲೆದವರು, ಗಂಡನ ಮೇಲಿನ ಸಿಟ್ಟಿಗೆ ಅದರ ಉಸಿರನ್ನೇ ಹಿಡಿದಿಟ್ಟುಕೊಂಡರು. ಗೆದ್ದರೋ ಸೋತರೋ, ನನಗೆ ಈಗಲೂ ಲೆಕ್ಕ ಸಿಗುವುದಿಲ್ಲ.

ಮುಂದಿನ ವರ್ಷ ಅವರು ತೀರಿಹೋದರು. ಅದೇ ಚರ್ಚಿನಲ್ಲಿ ಪ್ರಾರ್ಥನೆ, ಮುಚ್ಚಿದ ಪೆಟ್ಟಿಗೆ, ಬಿಳಿ ಹೂವು. ಕ್ಯಾಂಟರ್ ಆಯ್ದದ್ದು ಆ ಸಿಡಿಯನ್ನೇ, ಆ ಭಾಗವನ್ನೇ. ಅವರಿಗೆ ಬೇರೆ ಏನಿತ್ತು? ಹೆಂಡತಿಯ ದನಿ ಎಲ್ಲೂ ಉಳಿದಿರಲಿಲ್ಲ. ಉಳಿಸಬಹುದಾಗಿದ್ದ ದಿನ ಗುಂಡಿ ಒತ್ತಬೇಡಿ ಎಂದವರೂ ಅವರೇ. ಲುಂಡ್ ಹುಡುಗಿಯ ಹಾಲಿನಂಥ ದನಿ ಸ್ಪೀಕರಿನಿಂದ ಬಂತು. ಮೂರ್ತಿಯ ಹಾಗೆ ಕೂತಿದ್ದ ಕ್ಯಾಂಟರ್ ಬಲಗೈ ನಾಲ್ಕನೇ ದೋಣಿಗೆ ತಾನಾಗಿ ಮೇಲೆದ್ದಿತು. ಎದ್ದು, ಉಸಿರಿಗೆ ಕಾಯುತ್ತಾ ನಿಂತಿತು. ಹಾಡು ನಿಲ್ಲಲಿಲ್ಲ. ಎಲ್ಲ ಮುಗಿದು, ಜನ ಎದ್ದು ಹೂವಿಡಲು ಹೊರಟಾಗಲೂ ಆ ಕೈ ಗಾಳಿಯಲ್ಲೇ ಇತ್ತು. ಅಧ್ಯಕ್ಷೆ ಹೋಗಿ ಮೆಲ್ಲಗೆ ಹಿಡಿದು ಕೆಳಗಿಳಿಸಿದರು, ನೋವಾಗದ ಹಾಗೆ.

ಈಗ ಬೇರೆ ಕಾಯಿರ್‌ಗಳೂ ಅದನ್ನು ಹಾಡುತ್ತಿವೆ. ನನ್ನ ಮಗಳ ಶಾಲೆಯಲ್ಲೂ ಹಾಡಿಸಿದರು. ನಾಲ್ಕು, ಕೂಡಲೇ ಒಂದು. ಪುಸ್ತಕದಲ್ಲಿ ಹಾಗಿದೆ, ರೆಕಾರ್ಡಿಂಗಿನಲ್ಲೂ ಹಾಗಿದೆ. ಮಗಳಿಗೆ ಹೇಳಲು ಹೋದೆ. "ಅಪ್ಪಾ, ಸಿಡಿಯಲ್ಲಿ ಇಲ್ಲವಲ್ಲ," ಎಂದಳು ಸ್ವೀಡಿಷ್‌ನಲ್ಲಿ. ಕ್ಯಾಂಟರ್‌ಗೆ ಮರೆವಿನ ಕಾಯಿಲೆ, ಈಗ ಯಾರನ್ನೂ ಗುರುತಿಸುವುದಿಲ್ಲ. ಉಳಿದವರು ಅದರ ಬಗ್ಗೆ ಮಾತಾಡುವುದಿಲ್ಲ. ಆ ಮುದುಕ ಪೋಸ್ಟ್‌ಮ್ಯಾನ್ ಇನ್ನೂ ಬದುಕಿದ್ದಾರೆ, ಚೆನ್ನಾಗಿದ್ದಾರೆ, ಭಾನುವಾರ ಬಂದು ಕೂತು ಕೇಳುತ್ತಾರೆ.

ಲೊಪ್ಪಿಸ್‌ನಿಂದ ಬಂದು ವ್ಯಾನಿನಲ್ಲಿ ಕೂತು ಪ್ಲಾಸ್ಟಿಕ್ ಹರಿದೆ. ಹಳೇ ವ್ಯಾನು, ಸಿಡಿ ಹಾಕುವ ಕಿಂಡಿ ಇನ್ನೂ ಕೆಲಸ ಮಾಡುತ್ತದೆ. ಕೇಳಿದೆ. ಆಮೇಲೆ ಒಂದು ಉಪಾಯ ಹೊಳೆಯಿತು. ನಿಮಗೂ ಹೇಳಿಬಿಡುತ್ತೇನೆ, ಖರ್ಚಿಲ್ಲದ್ದು.

ಬೂದು ಸಮುದ್ರ, ನಾಲ್ಕು ದೋಣಿ ಇರುವ ಈ ಸಿಡಿ ನಿಮಗೆ ಎಲ್ಲಾದರೂ ಸಿಕ್ಕರೆ ಇಪ್ಪತ್ತಕ್ಕಿಂತ ಹೆಚ್ಚು ಕೊಡಬೇಡಿ. ಮನೆಗೆ ತಂದು ಹಾಕಿ. ಹುಡುಗಿ ಎಣಿಸಲು ಶುರು ಮಾಡಿದಾಗ ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಳ್ಳಿ. ನಾಲ್ಕು ಎಂದ ತಕ್ಷಣ ಒತ್ತಿ ನಿಲ್ಲಿಸಿ. ಗಡಿಯಾರ ನೋಡಬೇಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಕೆಟ್ಟುಹೋಯಿತಾ ಎಂದು ಕೇಳುತ್ತಾರೆ, ಉತ್ತರ ಕೊಡಬೇಡಿ. ಸಾಕು, ಇನ್ನು ಬಿಡೋಣ ಎಂದು ನಿಮಗೇ ಅನಿಸುತ್ತದೆ, ಬೆರಳು ತಾನಾಗಿ ಗುಂಡಿಯ ಕಡೆ ಹೋಗುತ್ತದೆ. ಆಗ ಬಿಡಬೇಡಿ. ಇನ್ನೂ ಸ್ವಲ್ಪ ಹಿಡಿದುಕೊಳ್ಳಿ.